ಒಂದೇ ಮೊಳೆಯ ಎರಡು ಕನ್ನಡಕ

ಕಾಮಸಮುದ್ರದ ಟೈಲರ್ ಚಿಕ್ಕವೆಂಕಟಪ್ಪನಿಗೆ ತಲೆನೋವು ಹತ್ತಿ ಎಂಟು ದಿನವಾಗಿತ್ತು. ಒಳಗೆ ಯಾರೋ ಕೂತು ಹೊಲಿಗೆ ಮಿಷನ್ನು ತುಳಿದ ಹಾಗೆ. ತುಳಿಯುವವನು ಯಾರು ಎನ್ನುವುದೇ ಅವನಿಗೆ ನೋವಿಗಿಂತ ದೊಡ್ಡ ಕುತೂಹಲ. ನಾಳೆ ಪಕ್ಕದ ಮನೆ ಮುನಿನಾರಾಯಣಮ್ಮನ ಮಗಳ ನಿಶ್ಚಿತಾರ್ಥ. ಹೆಂಗೋ ರವಿಕೆ ಹೊಲಿದಿದ್ದ, ಹುಕ್ಕು ಮಾತ್ರ ಬಾಕಿ. ಸೂಜಿ ಬಟ್ಟೆ ಬಿಟ್ಟು ಬೆರಳನ್ನೇ ಹೊಲಿಯುತ್ತಿತ್ತು.

ಹೋದ ವಾರ ಕಣ್ಣಿನ ಕ್ಯಾಂಪಿನಲ್ಲಿ ಅವನಿಗೂ ಹೆಂಡತಿ ಪಾಪಕ್ಕನಿಗೂ ಕನ್ನಡಕ ಕೊಟ್ಟಿದ್ದರು. ಮೊದಲು ಮಸುಕಾದರೂ ಆಮೇಲೆ ಒಗ್ಗುತ್ತದೆ ಎಂದಿದ್ದರು. ಒಗ್ಗಲಿ ಎಂದು ಕಾಯುತ್ತಿದ್ದ.

"ದಿಷ್ಟಿ ಕಣಪ್ಪ," ಎಂದು ಮುನಿನಾರಾಯಣಮ್ಮ ಮೆಣಸಿನಕಾಯಿ ಸುಟ್ಟಳು. ತಲೆನೋವಿಗೆ ಕೆಮ್ಮು ಸೇರಿತು.

ಮೈಸೂರು ಮೈನ್ಸ್ ಮುಚ್ಚುವವರೆಗೂ ಚಿನ್ನದ ಗಣಿಗೆ ಇಳಿಯುತ್ತಿದ್ದ ಚಲಪತಿ ಬಂದ. "ಎರಡ್ಸಾವ್ರ ಅಡಿ ಕೆಳ್ಗೆ ತಲೆ ನೋವಂದ್ರೆ ಗಾಳಿ ಸಾಲ್ದು ಅಂತ ಕಣ್ಲಾ. ಫ್ಯಾನ್ ಕೆಳ್ಗೆ ಬಾಯಿ ತಕ್ಕಂಡು ಕೂತ್ಕ."

"ನಾನು ನೆಲದ ಮ್ಯಾಲೇ ಇದೀನಲ್ಲಾ."

"ಎಲ್ಲಿದ್ರೂ ತಲೆ ತಲೆಯೇ."

ಪಾಪಕ್ಕ ಹಣೆಗೆ ಟವೆಲು ಬಿಗಿದಳು. ಹುಬ್ಬು ನೆತ್ತಿಗೇರಿತು. "ಬಾಯಿ ಬಿಟ್ರೆ ನೊಣ ಓಗ್ತದೆ. ಬಂಗಾರಪೇಟೆ ಆಸ್ಪತ್ರೆಗೆ ಓಗು."

ಬಸ್ಸು ಹತ್ತಿ ಹೋದ. ಡಾಕ್ಟರಮ್ಮ ಮೊದಲು ಟವೆಲು ಬಿಚ್ಚಿಸಿದರು.

"ಸಿಡಿಲು ಹೊಡೆದ ಹಾಗೆ ಒಂದೇ ಸಲಕ್ಕೆ ಬಂತಾ? ತಲೆಗೆ ಏಟು ಬಿತ್ತಾ? ಜ್ವರ, ವಾಂತಿ, ಕುತ್ತಿಗೆ ಬಿಗಿಯೋದು? ಕೈಕಾಲು ಸೋಲೋದು, ಮಾತು ತೊದಲೋದು?"

"ಇಲ್ಲಮ್ಮಾ," ಎಂದ ಚಿಕ್ಕವೆಂಕಟಪ್ಪ, ತನ್ನಲ್ಲಿ ಒಂದೂ ಇಲ್ಲವಲ್ಲ ಎಂದು ಸಂಕೋಚಪಡುತ್ತಾ.

"ಇದ್ದಿದ್ರೆ ಎಂಟು ದಿನ ಅಲ್ಲ, ಎಂಟು ನಿಮಿಷಾನೂ ಕಾಯಬಾರದಿತ್ತು." ಬಿ.ಪಿ. ನೋಡಿದರು, ಸರಿಯಿತ್ತು. ಅವನ ಜೇಬಿನಲ್ಲಿದ್ದ ಕ್ಯಾಂಪಿನ ಚೀಟಿ, ಕನ್ನಡಕ ಎರಡನ್ನೂ ಪಕ್ಕದ ಕಣ್ಣಿನ ಕೋಣೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. "ಚೀಟಿ ನಂಬರೇ ಬೇರೆ, ಗಾಜಿನ ನಂಬರೇ ಬೇರೆ. ಯಾರ ಕನ್ನಡಕ ಯಜಮಾನ್ರೇ ಇದು?"

ಚಿಕ್ಕವೆಂಕಟಪ್ಪನಿಗೆ ದೇವರ ಪಟದ ಪಕ್ಕದ ಮೊಳೆ ಕಣ್ಮುಂದೆ ಬಂತು. ಒಂದೇ ಮೊಳೆ, ಎರಡು ಕನ್ನಡಕ, ಎರಡಕ್ಕೂ ಅದೇ ಕಂದು ಫ್ರೇಮು. ಎಂಟು ದಿನದಿಂದ ಪಾಪಕ್ಕನ ಕಣ್ಣಲ್ಲಿ ಲೋಕ ನೋಡುತ್ತಿದ್ದ.

"ನಿಮ್ಮದನ್ನ ಹಾಕ್ಕೊಳ್ಳಿ. ಆಮೇಲೂ ನೋವು ಬಂದ್ರೆ ತಡಮಾಡದೆ ಬನ್ನಿ."

ಮಿಷನ್ನು ತುಳಿಯುವವನು ಸಿಕ್ಕಿಬಿದ್ದ ಖುಷಿಯಲ್ಲಿ ಮನೆಗೆ ಬಂದ. ಹುಕ್ಕು ಹಾಕುವುದು ಒಂದು ಗಳಿಗೆ ಕೆಲಸ. "ಪಾಪೂ, ನೀನು ಆಕ್ಕಂಡಿರೋದು ನಂದು ಕಣೇ. ಕೊಡಿಲ್ಲಿ."

"ಅಯ್ಯೋ, ನಂಗೂ ಎಂಟು ದಿನದಿಂದ ತಲೆನೋವೇಯ. ನೀನೇ ನರಳ್ತಿದ್ಯಲ್ಲ, ನಂಗೆಲ್ಲಿ ಸರದಿ? ನೀನು ಅತ್ಲಾಗೆ ಓದ ಮ್ಯಾಲೆ ಸುಧಾಕರನ ಆಟೋದಾಗೆ ಕೆ.ಜಿ.ಎಫ್. ಕನ್ನಡಕದಂಗಡಿಗೆ ಓದೆ. ಗಾಜೇ ಸರಿಯಿಲ್ಲ ಅಂದ ಅಂಗಡಿಯವ್ನು. ಕಣ್ಣು ನೋಡಿ, ನನ್ ನಂಬರಿಗೆ ಹೊಸ ಗಾಜು ಆಕಿಕೊಟ್ಟ."

"ಹಳೇ ಗಾಜು?"

"ಅದ್ನ ಇಟ್ಕಂಡು ಏನ್ ಮಾಡ್ಲಿ? ಅಲ್ಲೇ ಬಿಸಾಕಿ ಅಂದೆ."

ಚಿಕ್ಕವೆಂಕಟಪ್ಪ ತನ್ನ ಕೈಯಲ್ಲಿದ್ದ ಕನ್ನಡಕವನ್ನು ನೋಡಿದ. ಅವಳ ಮೂಗಿನ ಮೇಲಿದ್ದದ್ದನ್ನು ನೋಡಿದ. ಈಗ ಎರಡೂ ಅವಳ ನಂಬರಿನವೇ.

ಪಾಪಕ್ಕ ಮಿಷನ್ನಿನ ಮೇಲಿದ್ದ ರವಿಕೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಇವಾಗ ಎಷ್ಟು ಚೆಂದ ಕಾಣ್ತದೆ ನೋಡು," ಎಂದವಳು ತೋಳನ್ನು ತಿರುಗಿಸಿ ನೋಡಿದಳು.

"ಇದೇನಿದು, ಒಂದು ತೋಳು ಒಳಮಗ್ಗಲು ಆಚೆಗಾಗಿ ಹೊಲಿದಿದ್ದೀಯ?"

ತಲೆಯೊಳಗಿನವನು ಮತ್ತೆ ಮಿಷನ್ನಿಗೆ ಕಾಲಿಟ್ಟ.