ಇಳಿಜಾರಿನ ಓಟಗಾರ

"ಈ ಸಲ ನಾನು ಮ್ಯಾರಥಾನ್ ಓಡಿಯೇ ತೀರುತ್ತೇನೆ!" ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದಾಗ ಲೋಟದಲ್ಲಿದ್ದ ನೀರು ನಡುಗಿತು. ನನ್ನ ಹೆಂಡತಿ ನಡುಗಲಿಲ್ಲ.

"ಪೂರ್ತಿನಾ?" ಎಂದಳು.

ಆ ಒಂದೇ ಮಾತಿನಲ್ಲಿ ನಮ್ಮ ದಾಂಪತ್ಯದ ಇಡೀ ಇತಿಹಾಸವಿತ್ತು. ನಮ್ಮ ಬಚ್ಚಲುಮನೆಯ ಗೋಡೆಗೆ ನನ್ನ ಭುಜದ ಎತ್ತರದವರೆಗೆ ಮಾತ್ರ ಬಣ್ಣವಿದೆ. ಗಿಟಾರ್ ಕಲಿಯಲು ಹೊರಟವನು ತಂತಿ ಬಿಗಿಮಾಡುವಷ್ಟರಲ್ಲಿ ಸಂಗೀತದಿಂದ ನಿವೃತ್ತನಾದೆ. ನಾನೇ ಕೈಯಾರೆ ಮಾಡಿದ ಕಪಾಟಿಗೆ ಇವತ್ತಿಗೂ ಬಾಗಿಲಿಲ್ಲ. "ಇವರು ಅರ್ಧಕ್ಕೆ ಬಿಡದೆ ಮುಗಿಸೋದು ಊಟ ಒಂದೇ" ಎಂದು ಅವಳು ನೆಂಟರ ಮುಂದೆ ಹೇಳುವುದುಂಟು. ಎಲ್ಲರ ಜೊತೆ ನಾನೂ ನಗುತ್ತಿದ್ದೆ, ಒಳಗೊಳಗೇ ಚುಚ್ಚುತ್ತಿತ್ತು. ಹಿಡಿದ ಕೆಲಸ ಒಂದನ್ನಾದರೂ ಮುಗಿಸಿ ಅವಳ ಮುಂದೆ ತಲೆಯೆತ್ತಿ ನಿಲ್ಲಬೇಕು ಎಂಬುದೇ ನನ್ನ ಹಟವಾಗಿತ್ತು.

ನನ್ನ ಕೆಲಸ ಲಿಫ್ಟ್ ತಯಾರಿಸುವ ಕಂಪನಿಯ ದೂರು ವಿಭಾಗದಲ್ಲಿ. ಮೆಟ್ಟಿಲು ಹತ್ತುವುದೆಂದರೆ ನಮ್ಮಲ್ಲಿ ಅನ್ನ ಕೊಟ್ಟ ಸಂಸ್ಥೆಗೆ ಬಗೆಯುವ ದ್ರೋಹ! ಪಕ್ಕದ ಮೇಜಿನವನಿಗೆ ಯಾರು ಏನೇ ಹೊರಟರೂ ಅಡ್ಡ ಬರುವ ಚಟವಿರುವುದರಿಂದ ಆಫೀಸೆಲ್ಲ ಅವನನ್ನು ಅಡ್ಡಗಾಲು ಎಂದೇ ಕರೆಯುತ್ತದೆ. ನನ್ನ ನಿರ್ಧಾರ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀನಾ? ಲಿಫ್ಟ್ ಬರೋದು ಒಂಚೂರು ತಡ ಆದ್ರೆ ಕುರ್ಚಿ ತರಿಸ್ಕೊಂಡು ಕೂರೋನು ನೀನು!"

"ನೋಡ್ತಾ ಇರು!" ಎಂದೆ. ನೋಡಲು ಅವನಿಗೂ ಬೇರೆ ಕೆಲಸವಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ತಾಲೀಮು ಶುರು. ನಮ್ಮ ಮನೆ ಇರುವುದು ಒಂದು ಗುಡ್ಡದ ನೆತ್ತಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಗೇಟು ದಾಟಿದರೆ ರಸ್ತೆ ಸೀದಾ ಕೆಳಗಿಳಿಯುತ್ತದೆ. ನಾನು ಓಡಿದೆ. ಆಹಾ, ಏನು ಓಟ! ಗಾಳಿ ಕಿವಿಯಲ್ಲಿ ಭೋರ್ಗರೆಯಿತು, ಮನೆಗಳು ಹಿಂದೆ ಸರಿದವು, ಬೀದಿನಾಯಿ ದಾರಿ ಬಿಟ್ಟು ನಿಂತು ಬೆರಗಾಗಿ ನೋಡಿತು. ಗುಡ್ಡದ ಬುಡದಲ್ಲಿ ನಿಂತು ನನ್ನ ಕಾಲುಗಳನ್ನು ನಾನೇ ಭಕ್ತಿಯಿಂದ ನೋಡಿಕೊಂಡೆ. ಇಂಥ ಪ್ರತಿಭೆಯನ್ನು ಇಷ್ಟು ವರ್ಷ ಮೇಜಿನ ಕೆಳಗೆ ಮಡಚಿಟ್ಟಿದ್ದೆನಲ್ಲ ಎಂದು ವ್ಯಥೆಯಾಯಿತು.

ನೀರಿನ ಬಾಟಲಿ, ಟವೆಲ್ಲು ಹಿಡಿದು ಹಳೇ ಸ್ಕೂಟರಿನಲ್ಲಿ ಹಿಂದೆಯೇ ಬಂದ ಹೆಂಡತಿಗೆ ಹೇಳಿದೆ: "ನೋಡಿದ್ಯಾ ವೇಗ?"

"ನೋಡ್ದೆ. ಈಗ ವಾಪಸ್ ಹತ್ತೋದು ಹೇಗೆ?"

"ಹತ್ತೋದಾ? ಓಡಿದ ಕಾಲಿಗೆ ತಕ್ಷಣ ವಿಶ್ರಾಂತಿ ಕೊಡ್ಬೇಕು ಕಣೇ. ಇದು ಶಾಸ್ತ್ರ!"

ಶಾಸ್ತ್ರವನ್ನು ಪಾಲಿಸಲು ನಾನು ಸ್ಕೂಟರ್ ಏರಿದೆ. ಆದರೆ ಆ ಮುದಿ ಸ್ಕೂಟರಿಗೆ ಇಬ್ಬರನ್ನು ಹೊತ್ತು ಏರು ಹತ್ತುವ ತಾಕತ್ತಿರಲಿಲ್ಲ. ಹಾಗಾಗಿ ಅವಳು ನಡೆದು ಬಂದಳು. ಮನೆಯ ಬೀಗದ ಕೈ ಅವಳ ಸೊಂಟದಲ್ಲಿ. ನಾನು ಗೇಟಿನ ಬಳಿ ಹಸಿದು ನಿಂತು "ಬೇಗ ಬಾರೇ!" ಎಂದು ಮೇಲಿನಿಂದ ಕೂಗುತ್ತಿದ್ದೆ. ಅವಳಿಗೂ ಅವಸರವೇ. ಒಂದನೇ ತರಗತಿಗೆ ಪಾಠ ಹೇಳುವವಳು. ಗಂಟೆ ಹೊಡೆಯುವ ಮೊದಲು ಶಾಲೆಯಲ್ಲಿರಬೇಕು. ದಿನ ಕಳೆದಂತೆ ನಡೆಯುತ್ತಿದ್ದವಳು ದಾಪುಗಾಲು ಹಾಕಿದಳು. ದಾಪುಗಾಲು ಹಾಕುತ್ತಿದ್ದವಳು ಸೀರೆ ಬಿಟ್ಟು ಸಲ್ವಾರ್ ತೊಟ್ಟು ಓಡತೊಡಗಿದಳು.

ರಜಾದಿನಗಳಲ್ಲಿ ತಾಲೀಮು ಇನ್ನೂ ಘೋರ! ಒಂದು ಸಲ ಇಳಿದರೆ ಸಾಲದೆಂದು ನಾನು ಮತ್ತೆ ಮತ್ತೆ ಇಳಿಯುತ್ತಿದ್ದೆ. ಪ್ರತಿ ಸಲವೂ ನಾನು ಸ್ಕೂಟರಿನಲ್ಲಿ ಮೇಲೆ, ಅವಳು ಕಾಲ್ನಡಿಗೆಯಲ್ಲಿ ಮೇಲೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ನಾವಿಬ್ಬರೂ ಗೇಟು ಮುಟ್ಟುವುದು ಒಟ್ಟಿಗೇ ಆಯಿತು. ಕೊನೆಕೊನೆಗೆ ನಾನು ಬರುವಷ್ಟರಲ್ಲಿ ಒಳಗೆ ಚಹಾ ಕುದಿಯುತ್ತಿರುತ್ತಿತ್ತು.

ನನಗೆ ಆತಂಕವಾಯಿತು. ಸ್ಕೂಟರನ್ನು ಮೆಕ್ಯಾನಿಕ್ ಬಳಿ ಒಯ್ದು, "ಇದರ ಇಂಜಿನ್ ಸೋತಿದೆ, ದಿನದಿಂದ ದಿನಕ್ಕೆ ನಿಧಾನ ಆಗ್ತಿದೆ" ಎಂದೆ.

"ಗಾಡಿಗೇನೂ ಆಗಿಲ್ಲ ಸಾರ್" ಎಂದ. ಈಗಿನ ಮೆಕ್ಯಾನಿಕ್‌ಗಳಿಗೆ ಏನೂ ಗೊತ್ತಿಲ್ಲ ಎಂದು ಗೊಣಗಿಕೊಂಡು ಬಂದೆ.

ಹೆಸರು ನೋಂದಾಯಿಸಲು ಹೋದಾಗ ಅಲ್ಲಿ ಜೋಡಿ ವಿಭಾಗವೊಂದಿತ್ತು. ಜೋಡಿಯಾದರೆ ಒಬ್ಬರು ಇನ್ನೊಬ್ಬರಿಗೆ ದಾರಿಯಲ್ಲಿ ನೀರು ಕೊಡಬಹುದಂತೆ. ಸರಿ, ನೀರು ಹೊರಲು ಒಬ್ಬರಾದರು ಎಂದು ಹೆಂಡತಿಯ ಹೆಸರನ್ನೂ ಬರೆಸಿದೆ. "ಇಬ್ಬರೂ ಕೊನೇ ಗೆರೆ ದಾಟಿದ್ರೆ ಮಾತ್ರ ಮೆಡಲ್ ಸಾರ್. ಒಬ್ಬರು ಬಿಟ್ರೂ ಇಬ್ಬರ ಹೆಸರೂ ಹೋಗುತ್ತೆ" ಎಂದು ಅಲ್ಲಿದ್ದವರು ಎಚ್ಚರಿಸಿದರು. "ಪಾಪ, ಅವಳ ಕೈಲಿ ಎಲ್ಲಿ ಆಗುತ್ತೆ. ನನಗೆ ಓಡಿದ ತೃಪ್ತಿ ಸಾಕು" ಎಂದು ನಾನು ದೊಡ್ಡ ಮನಸ್ಸು ಮಾಡಿ ನಕ್ಕೆ.

ಓಟದ ದಾರಿಯ ನಕ್ಷೆಯನ್ನೂ ಕೊಟ್ಟರು. ನದಿಯ ಪಕ್ಕದಲ್ಲಿ ಹೊರಟು, ಊರೆಲ್ಲ ಸುತ್ತಿ, ಕೊನೆಗೆ ನಮ್ಮ ಮನೆ ಪಕ್ಕದ ಟ್ಯಾಂಕಿನ ಮೈದಾನದಲ್ಲಿ ಮುಕ್ತಾಯ! ನನಗೆ ಹಿಡಿಸಲಾರದಷ್ಟು ಖುಷಿ.

"ರೀ, ಕೊನೆಗೆ ನಮ್ಮ ಏರು ಬರುತ್ತಲ್ರೀ" ಎಂದಳು, ಮನೆಯಲ್ಲಿ ನಕ್ಷೆ ನೋಡಿದ ಹೆಂಡತಿ.

"ಆ ರಸ್ತೆಯ ಒಂದೊಂದು ಗುಂಡಿಯೂ ನನಗೆ ಗೊತ್ತು ಕಣೇ!" ಎಂದೆ. ಗೊತ್ತಿದ್ದದ್ದು ನಿಜವೇ. ಎಲ್ಲ ಮೇಲಿನಿಂದ ಕೆಳಕ್ಕೆ.

ಓಟದ ದಿನ ಗುಂಡು ಹಾರಿದ್ದೇ ತಡ, ನಾನು ಬಾಣದಂತೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಏನೋ ಮೋಸವಾಗಿದೆ ಅನ್ನಿಸಿತು. ರಸ್ತೆ ಸಹಕರಿಸುತ್ತಿಲ್ಲ! ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದ ಆ ಶಕ್ತಿ ಎಲ್ಲಿ ಹೋಯಿತು? ಸಮತಟ್ಟಾದ ನೆಲದಲ್ಲಿ ಪ್ರತಿ ಹೆಜ್ಜೆಯನ್ನೂ ನಾನೇ ಇಡಬೇಕು ಎಂಬ ಭಯಂಕರ ಸತ್ಯ ಆಗ ಹೊಳೆಯಿತು. ಉಸಿರು ಬಾಯಿಗೆ ಬಂತು. ನೀರಿನ ಚೀಲ ಹೊತ್ತು ಪಕ್ಕದಲ್ಲೇ ಬರುತ್ತಿದ್ದ ಹೆಂಡತಿ ಸಂಕೋಚದಿಂದ ಕೇಳಿದಳು.

"ರೀ, ತಪ್ಪು ತಿಳ್ಕೋಬೇಡಿ. ಇಷ್ಟು ನಿಧಾನಕ್ಕೆ ಹೋದ್ರೆ ನನಗೆ ಕಾಲು ನೋಯುತ್ತೆ. ಸ್ವಲ್ಪ ಮುಂದೆ ಹೋಗಿ ಕಾಯ್ತಿರ್ಲಾ?"

"ಹೋಗು!" ಎಂದೆ, ರೇಗಿ. ಬಾಟಲಿಯೊಂದನ್ನು ನನ್ನ ಕೈಗಿಟ್ಟು ಹೋದಳು. ಹೋದವಳು ಕಾಯಲು ನಿಂತದ್ದು ನನಗೆಲ್ಲೂ ಕಾಣಲಿಲ್ಲ.

ಮುಂದಿನ ಕಥೆಯನ್ನು ಏನು ಹೇಳಲಿ! ಓಡಿದೆ, ನಡೆದೆ, ಕುಂಟಿದೆ, ದೀಪದ ಕಂಬಗಳನ್ನು ಅಪ್ಪಿಕೊಂಡೆ. ನನಗಿಂತ ಹಿರಿಯರು, ದಪ್ಪಗಿದ್ದವರು, ಬೆನ್ನು ಬಾಗಿದವರು, ಎಲ್ಲರೂ "ಆಯ್ತು ಸಾರ್, ಇನ್ನೇನು ಬಂತು" ಎಂದು ಸಮಾಧಾನ ಹೇಳುತ್ತಾ ನನ್ನನ್ನು ದಾಟಿ ಹೋದರು. ಅಂತೂ ಗುಡ್ಡದ ಬುಡ ತಲುಪಿದಾಗ ರಸ್ತೆಯಲ್ಲಿ ಉಳಿದವರು ಇಬ್ಬರೇ: ನಾನು, ಮತ್ತು ಮಡಚುವ ಕುರ್ಚಿ ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ ಅಡ್ಡಗಾಲು.

"ಬಂದ್ಯಾ? ನಿನ್ನ ಹೆಂಡ್ತಿ ಹೋಗಿ ಎಷ್ಟು ಹೊತ್ತಾಯ್ತು ಗೊತ್ತಾ!" ಎಂದ. ಆಮೇಲೆ ದನಿ ತಗ್ಗಿಸಿ, "ಏರು ಹತ್ತುವಾಗಲೂ ಓಡ್ತಾನೇ ಇದ್ರು ಕಣೋ. ನಾನು ತಿನ್ನೋದು ನಿಲ್ಲಿಸಿ ಎದ್ದು ನಿಂತ್ಬಿಟ್ಟೆ" ಎಂದ. ಯಾವತ್ತೂ ಯಾರನ್ನೂ ಹೊಗಳದ ಮನುಷ್ಯ!

ನಾನು ತಲೆಯೆತ್ತಿ ಏರನ್ನು ನೋಡಿದೆ. ನಮ್ಮದೇ ರಸ್ತೆ. ಆದರೆ ಈ ಕಡೆಯಿಂದ ಅದು ಗೋಡೆಯ ಹಾಗೆ ನಿಂತಿತ್ತು. ಅಷ್ಟರಲ್ಲಿ ಹಿಂದಿನಿಂದ ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನ್ ಬಂದು ನಿಂತಿತು. "ಹತ್ತಿ ಸಾರ್, ಒಳಗೆ ಫ್ಯಾನ್ ಇದೆ" ಎಂದ ಡ್ರೈವರ್. ಕೇಳಿ ಕಣ್ಣಲ್ಲಿ ನೀರು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ.

ಆಗ ಅವಳು ಕಂಡಳು. ಮೇಲಿನಿಂದ ಇಳಿದು ಬರುತ್ತಿದ್ದಳು. ಮುಖ ಕೆಂಪಾಗಿತ್ತು, ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ನಲವತ್ತೆರಡು ಕಿಲೋಮೀಟರ್ ಚಿಲ್ಲರೆ ಓಡಿ, ಗೆರೆ ದಾಟಿ, ನನ್ನನ್ನು ಹುಡುಕಿಕೊಂಡು ವಾಪಸ್ ಬಂದಿದ್ದಳು!

"ಆಗಲ್ಲ ಕಣೇ. ಹತ್ತಿಬಿಡ್ತೀನಿ" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಕಾಲು ಕೈ ಕೊಟ್ಟಿದ್ರೆ ಹತ್ತಿ. ನಾನೇನೂ ಅನ್ನಲ್ಲ. ಆದ್ರೆ ಒಂದು ಮಾತು ರೀ. ಅಲ್ಲಿ ಗೆರೆ ದಾಟಿದಾಗ, ಇದು ನಾನೇನಾ ಅಂತ ನನಗೇ ನಂಬೋಕಾಗ್ಲಿಲ್ಲ. ಅಳು ಬಂದ್ಬಿಡ್ತು. ಅವರು ಮೆಡಲ್ ಕೊಡೋಕೆ ಬಂದು, ನಿಮ್ಮ ಜೋಡಿ ಎಲ್ಲಮ್ಮ ಅಂದ್ರು. ಬರ್ತಿದ್ದಾರೆ ಅಂದ್ಬಿಟ್ಟೆ."

ಬರ್ತಿದ್ದಾರೆ! ನನ್ನ ಬಗ್ಗೆ ಅಷ್ಟು ಧೈರ್ಯವಾಗಿ ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕಾಲನ್ನು ಕೆಳಗಿಳಿಸಿದೆ. ಇಷ್ಟು ಹೊತ್ತೂ ಪಣಕ್ಕಿದ್ದದ್ದು ನನ್ನ ಜಂಬ. ಈಗ ಇದ್ದದ್ದು ಅವಳ ಮೆಡಲ್. ಜಂಬವನ್ನು ಅರ್ಧ ದಾರಿಯಲ್ಲಿ ಬಿಡಬಹುದು, ಅದು ನನಗೆ ರೂಢಿ. ಅವಳ ಮೆಡಲನ್ನು ಬಿಡಲಾಗಲಿಲ್ಲ.

ಹತ್ತತೊಡಗಿದೆವು. "ಮೇಲೆ ನೋಡ್ಬೇಡಿ, ಕಾಲ ಬುಡ ನೋಡಿ" ಎಂದಳು. "ಎಡಕ್ಕೆ ಬನ್ನಿ, ಇಲ್ಲಿಂದ ಆ ಕಾಂಪೌಂಡಿನ ನೆರಳು ಸಿಗುತ್ತೆ." "ಹಸಿರು ಗೇಟಿನ ತನಕ ಮಾತಾಡ್ಬೇಡಿ, ಆಮೇಲೆ ಉಸಿರು ತಾನೇ ಹದಕ್ಕೆ ಬರುತ್ತೆ." ಎಲ್ಲಿ ಕಾಲು ಜೋಮು ಹಿಡಿಯುತ್ತದೆ, ಎಲ್ಲಿ ಗಾಳಿ ಬೀಸುತ್ತದೆ, ಎಲ್ಲಿ ಇನ್ನು ಆಗದು ಎನ್ನಿಸುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಅವಳು ಹೇಳಿದ ಜಾಗದಲ್ಲೇ ನನಗೆ ಆಗದು ಎನ್ನಿಸಿತು. ಅವಳು ಹೇಳಿದ ಜಾಗದಲ್ಲೇ ಗಾಳಿ ಬೀಸಿತು! ಇಷ್ಟನ್ನು ದಿನಾ ಬೆಳಿಗ್ಗೆ ಹತ್ತಿ, ಚಹಾ ಮಾಡಿ, ಹೋಗಿ ಒಂದನೇ ತರಗತಿಗೆ ಮಗ್ಗಿ ಹೇಳಿಕೊಡುತ್ತಿದ್ದಳಲ್ಲ, ಇವಳು ಯಾರು? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇವಳನ್ನು ನೋಡಿಯೇ ಇರಲಿಲ್ಲವೇ? ಹೆಂಡತಿಯನ್ನು ಕಂಡು ಮೈ ಜುಮ್ಮೆಂದದ್ದು ಮದುವೆಯಾದ ಹೊಸದರಲ್ಲಿ ಒಮ್ಮೆ, ಆಮೇಲೆ ಆ ಏರಿನಲ್ಲಿ.

ಮೈದಾನ ತಲುಪಿದಾಗ, ಗೆರೆಯ ಮೇಲೆ ಬಲೂನಿನಂತೆ ಉಬ್ಬಿಸಿ ನಿಲ್ಲಿಸಿದ್ದ ಕಮಾನಿನ ಗಾಳಿ ಬಿಡುತ್ತಿದ್ದರು. ಅದು ನಮ್ಮ ತಲೆಯ ಮೇಲೆ ಕುಸಿಯುತ್ತಿರುವಂತೆಯೇ ಬಗ್ಗಿಕೊಂಡು ಒಟ್ಟಿಗೆ ಗೆರೆ ದಾಟಿದೆವು. ಉಳಿದಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಅವಳ ಕೊರಳಿಗೂ ಮೆಡಲ್ ಬಿತ್ತು, ನನ್ನ ಕೊರಳಿಗೂ ಬಿತ್ತು. ನನ್ನ ಜನ್ಮದಲ್ಲಿ ನಾನು ಮುಗಿಸಿದ ಮೊದಲ ಕೆಲಸ! ಅವಳ ಭುಜಕ್ಕೆ ಒರಗಿ, ಎದೆಯುಬ್ಬಿಸಿ, ಕ್ಯಾಮೆರಾ ಹಿಡಿದು ಬಂದ ಫೋಟೋಗ್ರಾಫರನ ಕಡೆ ಮುಖ ತಿರುಗಿಸಿ ನಿಂತೆ.

"ಯಜಮಾನ್ರೇ, ನೀವು ಒಂಚೂರು ಪಕ್ಕಕ್ಕೆ ಬರ್ತೀರಾ? ಓಡಿದವರದ್ದು ಮಾತ್ರ ತೆಗೀಬೇಕು" ಎಂದ.

"ಅಯ್ಯೋ, ಇವರೂ ಓಡಿದ್ದಾರಪ್ಪಾ!" ಎಂದಳು ನನ್ನ ಹೆಂಡತಿ.

ಅವನು ಕ್ಯಾಮೆರಾ ಕೆಳಗಿಳಿಸಿ, ನನ್ನನ್ನು ಮೆಡಲಿನಿಂದ ಪಾದದವರೆಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

"ಹೌದಾ ಸಾರ್? ಯಾವಾಗ?"