ಗುಡ್ಡದ ನೆತ್ತಿಯ ಚೌಕ ಮತ್ತು ನಮ್ಮತ್ತೆಯ ಚಪ್ಪಲಿ

ಪ್ರವಾಸ ಹೋದವರೆಲ್ಲ ಊರು ನೋಡಿಕೊಂಡು ಬರುತ್ತಾರೆ. ನಾವು ಮಾತ್ರ ಊರಿಗೆ ನಮ್ಮನ್ನು ತೋರಿಸಿಕೊಂಡು ಬರುತ್ತೇವೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಮೂರು ಸಲವೂ ಹೀಗೇ ಆದರೆ ಅದು ಮನೆತನ.

ಎಲ್ಲಕ್ಕೂ ಕಾರಣ ಒಂದು ಕ್ಯಾಲೆಂಡರ್. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಜಿಪಿ, ಅಂದರೆ ಮನೆ ಡಾಕ್ಟರ ಕಾಯುವ ಕೋಣೆಯಲ್ಲಿ ನೇತಾಡುತ್ತಿತ್ತು. ಇಟಲಿಯ ಗುಡ್ಡದ ಮೇಲೊಂದು ಹಳೇ ಊರು, ನೆತ್ತಿಯಲ್ಲಿ ಕಲ್ಲು ಹಾಸಿದ ಚೌಕ, ಪಕ್ಕದಲ್ಲಿ ಚರ್ಚು, ಕೆಳಗೆ ಸಮುದ್ರ. ಇಲ್ಲಿ ಒಳಗೆ ಕರೆಯುವಷ್ಟರಲ್ಲಿ ಅರ್ಧ ಕಾಯಿಲೆ ತಾನಾಗೇ ವಾಸಿಯಾಗಿರುತ್ತದೆ, ಅಷ್ಟು ಹೊತ್ತು ನನ್ನ ಹೆಂಡತಿ ಆ ಚಿತ್ರ ನೋಡಿದ್ದಾಳೆ. ಆ ಚೌಕದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಸಮುದ್ರ ನೋಡಬೇಕು ಅನ್ನುವುದು ಅವಳ ಆಸೆ. ಬೇರೇನೂ ಕೇಳಿದವಳಲ್ಲ ಎಂದು ಸುಳ್ಳು ಹೇಳಲಾರೆ, ಆದರೆ ಇದನ್ನು ಮನಸಾರೆ ಕೇಳಿದಳು.

೧. ನೀಲಿ ಚುಕ್ಕೆ

ನಾನು ಕ್ಯಾನರಿ ವಾರ್ಫ್‌ನ ಆಫೀಸೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಹದಿನೈದು ನಿಮಿಷಕ್ಕೊಂದು ಕೆಲಸದಂತೆ ಪ್ಲ್ಯಾನ್ ಹಾಕಿಕೊಂಡು ಹೊರಟೆ. ಹೆಂಡತಿ, ಅವಳ ಜೊತೆ ಅವಳಮ್ಮ, ಅಂದರೆ ನಮ್ಮನೆಯಲ್ಲೇ ಇರುವ ಮೈಸೂರಿನ ನಮ್ಮತ್ತೆ.

ಆ ಊರಿನ ಓಣಿಗಳೋ, ಎದುರಿಗೊಬ್ಬರು ಬಂದರೆ ಇಬ್ಬರಲ್ಲೊಬ್ಬರು ಉಸಿರು ಬಿಗಿಹಿಡಿಯಬೇಕು. ಚೌಕ ಎಲ್ಲಿ ಅಂದರೆ ಎಲ್ಲರೂ ಕೈಯೆತ್ತಿ ಮೇಲೆ ತೋರಿಸಿದರು. ನಾನು ಫೋನಿನ ನೀಲಿ ಚುಕ್ಕೆಯನ್ನೇ ನಂಬಿದೆ. ಅದು ಎಡಕ್ಕೆ, ಬಲಕ್ಕೆ, ಮೆಟ್ಟಿಲು ಇಳಿಸಿ, ಒಂದು ಬಾಗಿಲು ದಾಟಿಸಿ, ತಲುಪಿದ್ದೀರಿ ಅಂದಿತು. ನಾವು ನಿಂತಿದ್ದು ಒಬ್ಬ ಅಜ್ಜಿಯ ಅಡುಗೆಮನೆಯಲ್ಲಿ. ಅವರು ಬದನೆಕಾಯಿ ಹುರಿಯುತ್ತಿದ್ದರು.

ನಾನು ಕ್ಷಮೆ ಕೇಳುವಷ್ಟರಲ್ಲಿ ಅತ್ತೆ ಬಾಣಲೆಗೆ ಇಣುಕಿ, ಉರಿ ಜಾಸ್ತಿಯಾಯಿತು ಅಂತ ಕನ್ನಡದಲ್ಲೇ ಹೇಳಿದರು. ಅಜ್ಜಿ ಅವರ ಭಾಷೆಯಲ್ಲಿ ಏನೋ ವಾದಿಸಿ, ಉರಿ ತಗ್ಗಿಸಿದರು. ಆಮೇಲೆ ಕುರ್ಚಿ ಬಂತು, ತಟ್ಟೆ ಬಂತು. ಹೊರಗೆ ಬಂದಾಗ ಕೆಳಗಿಳಿಯುವ ಕೊನೇ ಬಸ್ಸಿನ ಹೊತ್ತು.

ನೂರಕ್ಕೆ ತೊಂಬತ್ತು ಭಾಗ ಮುಗಿದಂತೆಯೇ ಲೆಕ್ಕ ಅಂತ ಹೆಂಡತಿಯನ್ನು ಸಮಾಧಾನ ಮಾಡಿದೆ.

"ನಿಮ್ಮ ಆಫೀಸಿನ ಪ್ರಾಜೆಕ್ಟುಗಳೂ ಹೀಗೇನಾ?" ಅಂದಳು. ಹೌದು ಅನ್ನಲು ಧೈರ್ಯ ಬರಲಿಲ್ಲ.

೨. ಊರೇ ಮಲಗಿತ್ತು

ಮರುವರ್ಷ ಯಾರ ಅಡುಗೆಮನೆಗೂ ಹೋಗುವುದು ಬೇಡ ಅಂತ ಅತ್ತೆ ಹಿಂದಿನ ದಿನವೇ ಪುಳಿಯೋಗರೆ ಕಲಸಿ ಕಟ್ಟಿಕೊಂಡರು. ಅರ್ಧ ಗುಡ್ಡ ಹತ್ತಿದಾಗ ಮಧ್ಯಾಹ್ನ ಎರಡು ಗಂಟೆ. ಅಂಗಡಿ ಮುಚ್ಚಿತ್ತು, ಕಿಟಕಿ ಮುಚ್ಚಿತ್ತು, ನಾಯಿ ಕೂಡ ಕಣ್ಣು ಮುಚ್ಚಿತ್ತು. ನೆರಳಿನ ಮೆಟ್ಟಿಲ ಮೇಲೆ ಉಂಡೆವು. ಊರೇ ಮಲಗಿರುವಾಗ ನಾವು ಎದ್ದಿದ್ದು ಏನು ಮಾಡಬೇಕು ಅಂತ ಅತ್ತೆ ಬೆಡ್‌ಶೀಟ್ ಹಾಸಿಯೇಬಿಟ್ಟರು. ಪುಳಿಯೋಗರೆ ತಿಂದವರಿಗೆ ಬೇರೆ ಜೋಗುಳ ಬೇಕೇ?

ಎಚ್ಚರವಾದಾಗ ಪ್ರವಾಸಿಗರ ಗುಂಪೊಂದು ನಮ್ಮ ಫೋಟೋ ತೆಗೆಯುತ್ತಿತ್ತು. ಈ ಊರಿನ ಜನ ಎಷ್ಟು ನೆಮ್ಮದಿಯಿಂದ ಬದುಕುತ್ತಾರೆ ನೋಡಿ ಅಂತ ಒಬ್ಬಾಕೆ ಇಂಗ್ಲಿಷಿನಲ್ಲಿ ಗಂಡನಿಗೆ ಹೇಳುತ್ತಿದ್ದಳು. ಆ ಸಲವೂ ಕೊನೇ ಬಸ್ಸು ನಮ್ಮನ್ನೇ ಕಾಯುತ್ತಿತ್ತು.

ಹೀತ್ರೂ ಇಳಿದ ಮೇಲೆ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: "ಇನ್ನೊಂದು ಸಲ ಅಷ್ಟೇ. ಆಗಲೂ ಆ ಚೌಕ ತೋರಿಸದಿದ್ರೆ ನಿಮ್ಮ ಜೊತೆ ಪಕ್ಕದ ವೆಂಬ್ಲಿಗೂ ಬರಲ್ಲ."

೩. ದೇವರು ಮೊದಲು

ಮೂರನೇ ಸಲ ಅವಳೇ ಮುಂದಾಳು. ಪಕ್ಕದ ಮನೆಯ ಉಡುಪಿ ಕಡೆಯ ಕ್ಯಾಥೊಲಿಕ್ ಗೆಳೆಯರೊಬ್ಬರೂ ಬಂದರು. ಬೆಳಗ್ಗೆ ಹತ್ತಿದೆವು, ಓಣಿ ಮುಗಿದಲ್ಲೇ ಚರ್ಚಿನ ಬಾಗಿಲು, ಅದರ ಪಕ್ಕಕ್ಕೆ ಚೌಕ. ಹೆಂಡತಿಯ ಕಣ್ಣು ತುಂಬಿತು. ಮೊದಲು ದೇವರು, ಆಮೇಲೆ ನಿಧಾನವಾಗಿ ಚೌಕ ನೋಡಿದರಾಯಿತು ಅಂದ ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು.

"ನಮ್ಮ ಇಗರ್ಜಿಯಲ್ಲಿ ಚಪ್ಪಲಿ ತೆಗೆಯುವ ಕ್ರಮ ಇಲ್ಲ ಮಾರಾಯ್ರೆ" ಅಂದರು ಗೆಳೆಯರು.

"ದೇವರ ಮನೆ ಅಂದ್ಮೇಲೆ ದೇವರ ಮನೆ" ಅಂದರು ಅತ್ತೆ. ಹುಟ್ಟಾ ಕ್ಯಾಥೊಲಿಕ್ ಮನುಷ್ಯ ತೆಪ್ಪಗೆ ಶೂ ಬಿಚ್ಚಿದರು. ನಾವೂ ಬಿಚ್ಚಿದೆವು. ಅತ್ತೆ ಒಂದೊಂದು ಮೂರ್ತಿಗೂ ಕೈಮುಗಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು.

ಒಳಗೆ ಹೋದವರನ್ನು ಹೊರಗೆ ಬಿಡುವುದು ಬೇರೆ ಬಾಗಿಲಿಂದ, ಅದೂ ಚೌಕದ ಆಚೆ ತುದಿಗೆ. ಚಪ್ಪಲಿ ಈಚೆ ತುದಿಯಲ್ಲಿ. ನಡುವೆ ಬಿಸಿಲಿಗೆ ಕಾದ ಕಲ್ಲು, ದೋಸೆ ಹುಯ್ಯಬಹುದಿತ್ತು. ಮೂರು ವರ್ಷ ಕಾದ ಚೌಕವನ್ನು ನನ್ನ ಹೆಂಡತಿ ಸೀರೆ ಎತ್ತಿ ಹಿಡಿದು ಕುಪ್ಪಳಿಸುತ್ತಾ ಅರ್ಧ ನಿಮಿಷದಲ್ಲಿ ದಾಟಿದಳು. ಸಮುದ್ರ ಯಾವ ಕಡೆ ಇತ್ತು ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಈಚೆ ಬಂದರೆ ಬಾಗಿಲ ಮುಂದೆ ನಲವತ್ತು ಜೊತೆ ಪಾದರಕ್ಷೆ. ನಮ್ಮದನ್ನು ನೋಡಿ, ಇಲ್ಲಿನ ನಿಯಮವೇ ಹೀಗೆ ಅಂತ ಹಿಂದೆ ಬಂದವರೆಲ್ಲ ಬಿಚ್ಚಿ ಹೋಗಿದ್ದರು. ರಾಶಿಯಲ್ಲಿ ನಮ್ಮದು ಹುಡುಕುವಷ್ಟರಲ್ಲಿ ಕೊನೇ ಬಸ್ಸಿನ ಹೊತ್ತಾಯಿತು.

ಬರುವ ವರ್ಷ ಚಪ್ಪಲಿ ಹಾಕಿಕೊಂಡೇ ಚೌಕದಲ್ಲಿ ನಿಲ್ಲುತ್ತೇನೆ ಅಂತ ಹೆಂಡತಿ ಹಟ ಹಿಡಿದಳು. ಈ ಬೇಸಿಗೆಯಲ್ಲಿ ಗೆಳೆಯರು ಮತ್ತೊಮ್ಮೆ ಹೋಗಿ ಬಂದು ಸುದ್ದಿ ತಂದರು. ಈಗ ಚೌಕದ ಬಾಯಲ್ಲೇ ಚಪ್ಪಲಿ ಬಿಡುವ ಗೂಡು ಇಟ್ಟಿದ್ದಾರಂತೆ, ಬರಿಗಾಲಲ್ಲದೆ ಯಾರನ್ನೂ ಬಿಡುವುದಿಲ್ಲವಂತೆ. ಇದು ಈ ಊರಿನ ಐನೂರು ವರ್ಷದ ಸಂಪ್ರದಾಯ ಅಂತ ಗೈಡು ಎಲ್ಲರಿಗೂ ವಿವರಿಸುತ್ತಿದ್ದನಂತೆ.

ಹೆಂಡತಿ ಅಮ್ಮನನ್ನು ದುರುಗುಟ್ಟಿ ನೋಡಿದಳು. ಅತ್ತೆ ಕಣ್ಣುಮುಚ್ಚಿ ಕೈಮುಗಿದರು.

"ನಾನು ಅವತ್ತೇ ಹೇಳ್ಲಿಲ್ವಾ?" ಅಂದರು. "ಹಳೇ ಕಾಲದ ಜನ, ಪದ್ಧತಿ ಬಿಟ್ಟವರಲ್ಲ."