ಜಾಲಹಳ್ಳಿ ರಸ್ತೆಯಲ್ಲಿ ನಡೆಯಲು ಅನುಮತಿ ಕೋರಿ

ಮಾನ್ಯ ಓದುಗರೇ,

ವಿಷಯಕ್ಕೆ ಬರುವ ಮುನ್ನ ನನ್ನ ಕೈಬರಹ ಹಾಗೂ ಕಾಗುಣಿತಕ್ಕೆ ಸಂಬಂಧಿಸಿದಂತೆ ತಮ್ಮ ಕ್ಷಮೆಯನ್ನು ವಿನಯಪೂರ್ವಕವಾಗಿ ಕೋರುತ್ತೇನೆ. ದೇವದುರ್ಗದ ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಗುಮಾಸ್ತನಾಗಿರುವ ನಾನು ಈವರೆಗೆ ಬರೆದದ್ದೆಲ್ಲ ಬೇರೆಯವರು ಸಹಿ ಮಾಡುವ ಪತ್ರಗಳನ್ನು. ನನ್ನ ಹೆಸರಿನಲ್ಲಿ, ಅದೂ ನನ್ನ ಮನಸ್ಸಿನ ಬಗ್ಗೆ, ಬರೆಯುತ್ತಿರುವುದು ಇದೇ ಪ್ರಥಮ. ಮಹಾಪ್ರಾಣ ಬೇಕಾದಲ್ಲಿ ಅಲ್ಪಪ್ರಾಣ ಕಂಡುಬಂದಲ್ಲಿ, ಅಥವಾ ಸಾಲುಗಳು ಹೆದರಿದವರಂತೆ ಕಾಗದದ ಮೇಲ್ತುದಿಗೆ ಓಡುತ್ತಿರುವುದು ಕಂಡುಬಂದಲ್ಲಿ, ಅದು ಉದ್ದೇಶಪೂರ್ವಕವಲ್ಲವೆಂದು ಭಾವಿಸಬೇಕು. ‘ನಿವೇದಿಸಿಕೊಳ್ಳುವುದೇನೆಂದರೆ’ ಎಂಬ ಪದವಿಲ್ಲದೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಅದಕ್ಕೂ ಕ್ಷಮೆಯಿರಲಿ.

ನಿವೇದಿಸಿಕೊಳ್ಳುವುದೇನೆಂದರೆ, ನಮ್ಮ ಭಾಗದಲ್ಲಿ ಮನುಷ್ಯನು ಕಾರಣವಿಲ್ಲದೆ ನಡೆಯುವುದಕ್ಕೆ ಅವಕಾಶವಿರುವುದಿಲ್ಲ. ಹೊಲಕ್ಕೆ ಹೋಗುವವನು ನಡೆಯಬಹುದು, ಕುರಿ ಹಿಂದೆ ಹೋಗುವವನು ನಡೆಯಬಹುದು, ಬಸ್ಸು ತಪ್ಪಿದವನು ಮುಂದಿನ ಬೈಕು ಸಿಗುವವರೆಗೆ ನಡೆಯಬಹುದು. ಆದರೆ ಹೊಟ್ಟೆ ತುಂಬಿದ, ಸಂಬಳ ಬರುವ, ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡಿರುವ ಒಬ್ಬ ಗೃಹಸ್ಥನು ಮುಂಜಾನೆ ಎಲ್ಲಿಗೂ ಅಲ್ಲದೆ ಹೊರಟು, ಎಲ್ಲಿಗೂ ತಲುಪದೆ ತಿರುಗಿ ಬರುವುದೆಂದರೆ, ಅಂಥವನ ಬಗ್ಗೆ ಊರಿನವರು ಸುಮ್ಮನಿರುವುದು ಸಾಧ್ಯವಿಲ್ಲ.

ನಾನು ನಡೆಯಲು ಆರಂಭಿಸಿದ್ದು ಸ್ವಂತ ಉತ್ಸಾಹದಿಂದಲ್ಲ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಏನೋ ಆಯಿತು. ಏನಾಯಿತೆಂದು ಕೇಳಿದರೆ ಉತ್ತರವಿಲ್ಲ. ಏನೂ ಆಗದಂತೆ ಆಯಿತು. ಮುಂಜಾನೆ ಎಚ್ಚರವಾದರೂ ಕಾಲುಗಳು ಬೇರೆ ಯಾರದೋ ಅಧೀನದಲ್ಲಿರುವಂತೆ ಹಾಸಿಗೆಯಲ್ಲಿಯೇ ಉಳಿಯುತ್ತಿದ್ದವು. ಕೆರೆಯ ನೀರಿನೊಳಗೆ ಕುಳಿತು ದಂಡೆಯ ಮೇಲಿನವರ ಮಾತು ಕೇಳಿದರೆ ಹೇಗಿರುತ್ತದೆಯೋ ಹಾಗೆ ಜನರ ಧ್ವನಿ ನನಗೆ ದೂರದಿಂದ, ಅಲುಗಾಡುತ್ತ ಬರುತ್ತಿತ್ತು. ಕಚೇರಿಯಲ್ಲಿ ಮಾತ್ರ ನನ್ನ ಗೌರವ ಹೆಚ್ಚಿತು. ಯಾರು ಏನೆಂದರೂ ನಾನು ತಿರುಗಿ ಮಾತನಾಡದಿರುವುದನ್ನು ಕಂಡು, “ಬಸಣ್ಣ ಸರ ಭಾಳ ಶಾಂತ ಆಗ್ಯಾರ ನೋಡ್ರಿ, ಧ್ಯಾನ ಗೀನ ಮಾಡಾಕತ್ತಾರೇನೋ” ಎಂದು ಸಹೋದ್ಯೋಗಿಗಳು ಮೆಚ್ಚಿಕೊಂಡರು. ಮನೆಯಲ್ಲಿ ನನ್ನ ಹೆಂಡತಿ ನೀಲಮ್ಮನು ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ನಾನು ಏನೂ ಅನ್ನದೆ ಉಂಡು ಎದ್ದೆ. ಮರುದಿನ ಆಕೆ ಬೇಕೆಂದೇ ಉಪ್ಪು ಹಾಕಲಿಲ್ಲವಂತೆ. ಅಂದೂ ಉಂಡು ಎದ್ದೆ. ಅಡುಗೆಗೆ ಹೆಸರಿಟ್ಟು ತಪ್ಪು ಹುಡುಕುವುದರಲ್ಲಿ ನಮ್ಮ ವಂಶದಲ್ಲಿಯೇ ಮುಂದಿದ್ದ ನಾನು ಹೀಗೆ ಸುಮ್ಮನಾದದ್ದನ್ನು ಕಂಡು ಆಕೆ ಒಳಗೆ ಹೋಗಿ ಅತ್ತಳು ಎಂಬುದು ನನಗೆ ಆಮೇಲೆ ತಿಳಿದ ಸಂಗತಿ. ಸದರಿ ದಿನ ನನಗೆ ಉಪ್ಪೂ ತಿಳಿಯಲಿಲ್ಲ, ಅಳುವೂ ಕೇಳಿಸಲಿಲ್ಲ.

ಆಕೆಯೇ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ರಾಯಚೂರಿಗೆ ಒಯ್ದು ಮನೋವೈದ್ಯರೊಬ್ಬರಿಗೆ ತೋರಿಸಿದಳು. ಅವರು ಇದಕ್ಕೆ ಖಿನ್ನತೆ ಎನ್ನುತ್ತಾರೆಂದು ಹೇಳಿದಾಗ ನನಗೆ ಒಂದು ಬಗೆಯ ಸಂಕೋಚವಾಯಿತು. ದೇವದುರ್ಗದ ಟಪಾಲು ಗುಮಾಸ್ತನಿಗೆ ಇಂಥ ಗ್ರಾಂಥಿಕ ಹೆಸರಿನ ಕಾಯಿಲೆ ಬರಬಹುದೆಂದು ನಾನು ಊಹಿಸಿರಲಿಲ್ಲ. ವೈದ್ಯರು ಗುಳಿಗೆ ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಮಲಗಬೇಕು, ಫೋನನ್ನು ಹಾಸಿಗೆಗೆ ತರಬಾರದು, ಚಹಾ ಕಡಿಮೆ ಮಾಡಬೇಕು, ಎಣ್ಣೆಯಲ್ಲಿ ಕರಿದದ್ದನ್ನು ಮರೆಯಬೇಕು ಎಂದರು. ಕೊನೆಗೆ, “ದಿನಾ ಮುಂಜಾನಿ ನಡೀರಿ. ಮನಸ್ಸು ಬ್ಯಾಡ ಅಂದ್ರೂ ಕಾಲಿಗೆ ಹೇಳ್ರಿ” ಎಂದು ಎದ್ದು ನಿಂತರು. ಕಾಲು ನನ್ನ ಮಾತು ಕೇಳುವುದಿಲ್ಲವೆಂಬುದೇ ನನ್ನ ದೂರಾಗಿತ್ತು. ಆದರೆ ಮೇಲಧಿಕಾರಿಗಳ ಆದೇಶವನ್ನು ಪ್ರಶ್ನಿಸುವ ರೂಢಿ ನನಗಿಲ್ಲ. ಬರುವಾಗ ನೀಲಮ್ಮ ನನಗೆ ಬಿಳಿಯ ಕ್ಯಾನ್ವಾಸ್ ಬೂಟು ಕೊಡಿಸಿದಳು.

ಹೀಗೆ ನಾನು ನಮ್ಮ ತಾಲೂಕಿನದೇ ಆದ ಜಾಲಹಳ್ಳಿಗೆ ಹೋಗುವ ರಸ್ತೆಗೆ ಇಳಿದೆ. ಆ ರಸ್ತೆಯ ಮುಂಜಾವಿನ ಬಗ್ಗೆ ಬರೆಯಲು ನನ್ನಲ್ಲಿ ಪದಗಳಿಲ್ಲ. ಇರುವ ಪದಗಳೆಲ್ಲ ಕಚೇರಿಯವು. ಮಂಜಿನಲ್ಲಿ ಹತ್ತಿಯ ಹೊಲಗಳು ಎಲ್ಲಿ ಮುಗಿಯುತ್ತವೆ, ಆಕಾಶ ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ಪಷ್ಟವಿರುವುದಿಲ್ಲ. ಒಡೆದ ಹತ್ತಿಯ ಕಾಯಿಗಳು ನೆಲವಿಲ್ಲದೆ ತೇಲುತ್ತಿರುವಂತೆ ತೋರುತ್ತವೆ. ಎಲ್ಲಿಯೋ ಕುರಿಗಳ ಕೊರಳ ಗಂಟೆ ಕೇಳಿಸುತ್ತದೆ, ಕುರಿಗಳು ಕಾಣುವುದಿಲ್ಲ. ಕಾಲುವೆಯ ನೀರು ಸದ್ದಿಲ್ಲದೆ ಹೋಗುತ್ತಿರುತ್ತದೆ. ನಾನೂ ಹಾಗೆಯೇ ಹೋಗುತ್ತಿದ್ದೆ. ಬೂಟಿನ ಸದ್ದು ಕೇಳಿ, ಯಾರೋ ಬರುತ್ತಿದ್ದಾರೆಂದು ಒಮ್ಮೆ ತಿರುಗಿ ನೋಡಿದ್ದೂ ಉಂಟು. ನಾನೇ ಆಗಿದ್ದೆ.

ಆದರೆ ಈ ಸ್ಥಿತಿ ಬಹಳ ದೂರ ಉಳಿಯುತ್ತಿರಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಹಿಂದಿನಿಂದ ಒಂದು ಬೈಕು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಅದು ನಮ್ಮ ಓಣಿಯ ಅಮರೇಶ ಮಾಸ್ತರರದು. ಅವರು ಜಾಲಹಳ್ಳಿಯ ಕಡೆಯ ಶಾಲೆಯೊಂದಕ್ಕೆ ನಿತ್ಯ ಹೋಗುವವರು.

“ಯಾಕ್ರೀ ಸರ, ಗಾಡಿ ಕೆಟ್ಟದೇನು?”

“ಇಲ್ಲ ಮಾಸ್ತರ.”

“ಮತ್ತ ಬಸ್ ತಪ್ಪಿತೇನು? ಬರ್ರಿ, ಕುಂದರ್ರಿ.”

“ಇಲ್ಲ, ಸುಮ್ಮನ ನಡಿಯಾಕತ್ತೀನಿ.”

“ಸುಮ್ಮನ ಯಾರರ ನಡೀತಾರೇನ್ರಿ? ನನ್ನ ಮ್ಯಾಲ ಏನರ ಸಿಟ್ಟದೇನು? ಕುಂದರ್ರಿ ಅಂದ್ರ ಕುಂದರ್ರಿ!”

ಹತ್ತದಿದ್ದರೆ ಅವರಿಗೆ ನೋವು, ಹತ್ತಿದರೆ ವೈದ್ಯರ ಆದೇಶದ ಉಲ್ಲಂಘನೆ. ಇಲ್ಲವೆನ್ನಲು ಬೇಕಾದ ಶಕ್ತಿ ಆಗ ನನ್ನಲ್ಲಿರಲಿಲ್ಲವಾದ್ದರಿಂದ ಹತ್ತುತ್ತಿದ್ದೆ. ಅವರು ದಾರಿಯಲ್ಲಿನ ಹೋಟೆಲ್ಲೊಂದರ ಮುಂದೆ ನಿಲ್ಲಿಸಿ, ಮಂಡಾಳ ಎಂಬ ಮಂಡಕ್ಕಿಯ ಒಗ್ಗರಣೆ, ಅದರ ಮೇಲೆ ಬಿಸಿ ಮಿರ್ಚಿ ಬಜ್ಜಿ ತಿನ್ನಿಸಿ, ಚಹಾ ಕುಡಿಸಿ, ಊರ ಕಡೆಗೆ ಹೊರಟ ಇನ್ನಾರದೋ ಬೈಕಿಗೆ ನನ್ನನ್ನು ವರ್ಗಾಯಿಸುತ್ತಿದ್ದರು. ಆರೋಗ್ಯಕರ ಜೀವನಶೈಲಿಯ ಮೊದಲ ವಾರಗಳಲ್ಲಿ ನಾನು ತಿಂದಷ್ಟು ಮಿರ್ಚಿಯನ್ನು ಅನಾರೋಗ್ಯದ ಕಾಲದಲ್ಲಿ ತಿಂದಿರಲಿಲ್ಲ. ಬೂಟು ಹೊಸದಾಗಿಯೇ ಉಳಿಯಿತು. ನನ್ನ ಅಂಗಿಯ ಎಣ್ಣೆಯ ವಾಸನೆಯನ್ನು ನೀಲಮ್ಮ ಗಮನಿಸುತ್ತಿದ್ದಳು.

ಇದ್ದಕ್ಕಿದ್ದಂತೆ ಒಂದು ದಿನ ಅಮರೇಶ ಮಾಸ್ತರರ ಬೈಕು ನನ್ನನ್ನು ದಾಟಿ ಹೋಯಿತು. ನಿಲ್ಲಲಿಲ್ಲ. ವೇಗ ತಗ್ಗಿಸಿ, ತಲೆ ಬಾಗಿಸಿ, ಒಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಹೋದರು. ಹಿಂದೆ ಬಂದ ಹಾಲಿನವನೂ ಹಾಗೆಯೇ ಮಾಡಿದ. ಮರುದಿನ ಟ್ರ್ಯಾಕ್ಟರಿನವನು ಹಾಡನ್ನು ಸಣ್ಣದು ಮಾಡಿಕೊಂಡು ಹೋದ. ಎದುರಿಗೆ ಬಂದ ಹೆಣ್ಣುಮಕ್ಕಳು ರಸ್ತೆಯ ಪಕ್ಕಕ್ಕೆ ಸರಿದು ಸೆರಗು ಹೊದ್ದು ನಿಂತರು. ಒಬ್ಬರಂತೂ ನನ್ನ ಬೂಟನ್ನು ನೋಡಿ, ಏನೋ ಅನ್ನಲು ಹೋಗಿ, ನುಂಗಿಕೊಂಡರು. ಮೊದಲು ನನಗೆ ಸಮಾಧಾನವೇ ಆಯಿತು. ಆಮೇಲೆ ಹೆದರಿಕೆಯಾಯಿತು. ಜನರು ಹೀಗೆ ಪಕ್ಕಕ್ಕೆ ಸರಿದು ಕೈಮುಗಿಯುವುದು ಹೆಣದ ಮೆರವಣಿಗೆಗೆ ಮಾತ್ರವಲ್ಲವೇ? ನನ್ನ ವಿಷಯದಲ್ಲಿ ಊರು ಅಂತಿಮ ತೀರ್ಮಾನ ಕೈಗೊಂಡಿದೆ, ಆದೇಶದ ಪ್ರತಿ ನನಗೆ ಮಾತ್ರ ಬಂದಿಲ್ಲ ಎಂದುಕೊಂಡೆ. ಮಂಜಿನಲ್ಲಿ ಒಬ್ಬನೇ ನಡೆಯುವವನಿಗೆ ಇಂಥ ಯೋಚನೆ ಬಹಳ ಸಲೀಸಾಗಿ ಬರುತ್ತದೆ.

ಕಾಲುವೆಯ ಹತ್ತಿರ ಹನುಮವ್ವ ಎಂಬ ಮುದುಕಿಯ ಗುಡಿಸಲಿದೆ. ಕುರಿ ಸಾಕಿದ ಮನೆತನ. ಆಕೆ ಅದೇ ವಾರದಿಂದ ರಸ್ತೆಯ ಅಂಚಿಗೆ ಚೆಂಬು ಹಿಡಿದು ನಿಲ್ಲತೊಡಗಿದಳು. ಚೆಂಬಿನಲ್ಲಿ ಮಜ್ಜಿಗೆ. “ಕುಡಿ ಯಪ್ಪಾ, ಇನ್ನ ಭಾಳ ನಡಿಯೋದದ” ಎನ್ನುವಳು. ಪರಿಚಯವಿಲ್ಲದ ಮುದುಕಿಯು ನನ್ನ ಬದುಕನ್ನೇ ಒಂದು ಮಾತಿನಲ್ಲಿ ಹೇಳಿಬಿಟ್ಟಳೆಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಕಾರಣ ಕೇಳುವುದು ಉದ್ಧಟತನವೆಂದು ಕೇಳಲಿಲ್ಲ. ಮಜ್ಜಿಗೆಯಲ್ಲಿ ಶುಂಠಿಯ ವಾಸನೆ ಇರುತ್ತಿತ್ತು. ವಾಸನೆ ತಿಳಿಯತೊಡಗಿದೆಯಲ್ಲ ಎಂಬುದು ತಿರುಗಿ ಬರುವಾಗ ಹೊಳೆಯುತ್ತಿತ್ತು.

ಗುಣಮುಖರಾಗುವುದು ನೆಟ್ಟಗಿನ ರಸ್ತೆಯಲ್ಲವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಚಳಿ ಹೆಚ್ಚಾದ ದಿನಗಳಲ್ಲಿ ಆ ಕೆರೆಯ ನೀರು ಮತ್ತೆ ನನ್ನ ಕಿವಿಯವರೆಗೆ ಏರಿತು. ಬೂಟು ಬಾಗಿಲ ಬಳಿ, ನಾನು ಹಾಸಿಗೆಯಲ್ಲಿ. ನೀಲಮ್ಮ ಕರೆದಳು, ಬೈದಳು, ಕೊನೆಗೆ ಪಕ್ಕದಲ್ಲಿ ಸುಮ್ಮನೆ ಕುಳಿತಳು. ನಾನು ಗೋಡೆಯ ಕಡೆಗೆ ತಿರುಗಿದ್ದೆ. ಇನ್ನು ಏಳುವುದೇ ಬೇಡ ಎಂಬ ಯೋಚನೆ ಆ ದಿನಗಳಲ್ಲಿ ನನಗೆ ಹೆದರಿಕೆಯನ್ನೂ ಹುಟ್ಟಿಸುತ್ತಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಹಾಗೆ ಮಲಗಿದ್ದಾಗ ಒಂದು ಬೆಳಗ್ಗೆ ಅಂಗಳದಲ್ಲಿ ಕೂಗು ಕೇಳಿಸಿತು.

“ಎಲ್ಲದಾನ ಅವ? ಹರಕಿ ಹೊತ್ತಾಂವ ಎಲ್ಲದಾನ?”

ಹನುಮವ್ವ ಒಳಗೇ ಬಂದಳು. ಕೈಯಲ್ಲಿ ಅದೇ ಚೆಂಬು.

“ಮಕ್ಕೊಂಡಿಯಾ? ನನ್ನ ಮಜ್ಜಿಗಿ ಕುಡಿದು, ನಡುವಿಗಿ ಹರಕಿ ಬಿಟ್ಟು, ಕೌದಿ ಹೊತ್ಕೊಂಡು ಮಕ್ಕೊಂಡಿಯೇನು? ನನ್ನ ಸೊಸಿಗಿ ದಿನ ತುಂಬ್ಯಾವ. ನೀ ಹರಕಿ ಮುರಿದ್ರ ಉಣಿಸಿದವರಿಗೆ ತಟ್ಟಂಗಿಲ್ಲೇನು? ಬೂಟು ಹಾಕ್ಕೊಂಡು ಹರಕಿ ನಡಿಯಾಂವನ್ನ ನನ್ನ ಜಲ್ಮದಾಗ ಕಂಡಿಲ್ಲ. ಅದನ್ನೂ ನುಂಗಿಕೊಂಡೀನಿ. ಏಳು!”

ನಾನು ನೀಲಮ್ಮನ ಮುಖ ನೋಡಿದೆ. ಆಕೆ ತೊಲೆಯ ಕಡೆಗೆ ನೋಡುತ್ತಿದ್ದಳು.

ಆಗ ನನಗೆ ಎಲ್ಲವೂ ತಿಳಿಯಿತು. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಹರಕೆ ಹೊತ್ತು ಬರಿಗಾಲಿನಲ್ಲಿ ನಡೆದು ಹೋಗುವವರನ್ನು ನಮ್ಮ ಕಡೆ ಯಾರೂ ಗಾಡಿಗೆ ಹತ್ತಿಸಿಕೊಳ್ಳುವುದಿಲ್ಲ. ಹರಕೆ ಹೊತ್ತು ನಡೆಯುವವನನ್ನು ಗಾಡಿಗೆ ಕರೆಯುವುದು ಪಾಪ. ಅವನಿಗೆ ನೀರು ಮಜ್ಜಿಗೆ ಕೊಡುವುದು ಪುಣ್ಯ. ಮಾನ್ವಿಯಲ್ಲಿ ನಾನು ಸಣ್ಣವನಿದ್ದಾಗ ನಮ್ಮ ತಾಯಿಯೂ ಅಂಥವರಿಗಾಗಿ ಬಾಗಿಲಲ್ಲಿ ಕೊಡ ಇಟ್ಟು ಕಾಯುತ್ತಿದ್ದಳು. ಮಿರ್ಚಿಯ ವಾಸನೆಯನ್ನು ಸಹಿಸಲಾರದ ನೀಲಮ್ಮ ಅಮರೇಶ ಮಾಸ್ತರರ ಮನೆಗೆ ಹೋಗಿ ಒಂದೇ ಮಾತು ಹೇಳಿ ಬಂದಿದ್ದಳು: “ಮನಿಯವರು ನಡಿಯಾಕತ್ತಿದ್ದು ಹರಕಿಗಿ ರೀ. ಗಾಡಿಮ್ಯಾಲ ಕರೀಬ್ಯಾಡ್ರಿ.” ಮಾಸ್ತರರಿಗೆ ಹೇಳಿದ ಮೇಲೆ ತಾಲೂಕಿಗೆ ಬೇರೆ ಸುತ್ತೋಲೆಯ ಅಗತ್ಯವಿರಲಿಲ್ಲ.

“ಸುಳ್ಳು ಯಾಕ ಹೇಳಿದಿ?” ಎಂದೆ. ಬಹಳ ದಿನಗಳ ನಂತರ ನಾನಾಗಿ ಆಡಿದ ಮಾತು ಅದು.

“ಸುಳ್ಳು ಯಾಕ ಹೇಳ್ಲಿ? ಹಿರೇಕೊಟ್ನೆಕಲ್‌ನ ಹೆಣ್ಮಗಳದೀನಿ ನಾನು. ಹರಕಿ ಹೊತ್ತಾಕಿ ನಾನು, ನಡಿಯಾಂವ ನೀವು. ಅಷ್ಟ ಫರಕು.”

“ಏನಂತ ಹೊತ್ತಿ?”

ಹನುಮವ್ವ ನಡುವೆ ಬಾಯಿ ಹಾಕಿ, “ಅದೆಲ್ಲಾ ಆಮ್ಯಾಲ ಮಾತಾಡಕೋರಿ. ಮೊದಲ ಇದನ್ನ ಕುಡಿ, ಬೂಟು ಹಾಕ್ಕೋ” ಎಂದಳು. ಹುಟ್ಟಲಿರುವ ಕೂಸಿನ ಹೊಣೆ ನನ್ನ ಕಾಲಿನ ಮೇಲಿದೆ ಎಂಬ ಕಾರಣವು ವೈದ್ಯಶಾಸ್ತ್ರಕ್ಕೆ ಒಪ್ಪಿತವೋ ಇಲ್ಲವೋ ನಾನರಿಯೆ. ಆದರೆ ಕಾಲುಗಳು ಆ ಮುದುಕಿಯ ಮಾತು ಕೇಳಿದವು. ನನಗಾಗಿ ಏಳಲಾರದವನು ಬೇರೆಯವರ ಸೊಸೆಗಾಗಿ ಎದ್ದೆ. ಹನುಮವ್ವ ಕಾಲುವೆಯವರೆಗೂ ನನ್ನ ಹಿಂದೆಯೇ ಬಂದಳು, ಕುರಿಯನ್ನು ಅಟ್ಟಿಕೊಂಡು ಬರುವಂತೆ.

ಅಂದಿನಿಂದ ಗುಳಿಗೆ ತಪ್ಪಿಸಲಿಲ್ಲ, ನಡಿಗೆಯೂ ತಪ್ಪಲಿಲ್ಲ. ಮಂಜು ಕರಗಿತು, ಹತ್ತಿ ಬಿಡಿಸಿದ ಹೊಲಗಳು ಬರಿದಾದವು, ಕುರಿಗಳು ಅವುಗಳೊಳಗೆ ಇಳಿದು ಮೇಯುತ್ತ ಕೊನೆಗೂ ಕಣ್ಣಿಗೆ ಕಂಡವು. ಹನುಮವ್ವನ ಸೊಸೆ ಹೆಣ್ಣು ಕೂಸು ಹಡೆದಳು. “ಪಾರಾದಿ ಯಪ್ಪಾ, ಇನ್ನ ನಿನಗ ಬಿಟ್ಟದ್ದು” ಎಂದು ಮುದುಕಿ ನನ್ನನ್ನು ಅಧಿಕೃತವಾಗಿ ಬಿಡುಗಡೆ ಮಾಡಿದಳು. ಮರುದಿನ ಮುಂಜಾನೆ ಯಾರ ಒತ್ತಾಯವೂ ಇಲ್ಲದೆ ನಾನು ಹೊಸ್ತಿಲ ಬಳಿ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದೆ. ಕಟ್ಟುತ್ತಿದ್ದೇನೆಂಬುದು ಗಮನಕ್ಕೆ ಬಂದದ್ದು ಎರಡನೆಯ ಬೂಟಿಗೆ.

ಅದೇ ದಿನ ತಿರುಗಿ ಬಂದು ರೊಟ್ಟಿಗೆ ಕುಳಿತೆ. ಬದನೆಕಾಯಿ ಪಲ್ಯ. ಒಂದು ತುತ್ತು ಬಾಯಿಗಿಟ್ಟು, “ಏನಿದು? ಉಪ್ಪು ಕಮ್ಮಿ ಅದಲ್ಲ. ನಾಲಿಗಿ ಎಲ್ಲಿ ಇಟ್ಟು ಮಾಡಿದಿ?” ಎಂದೆ.

ಜಗಳಕ್ಕೆ ಸಿದ್ಧನಾಗಿ ಕಾಯ್ದೆ. ನೀಲಮ್ಮ ಹೊರಬಂದಳು. ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ತೆಂಗಿನಕಾಯಿ ಇತ್ತು. ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು.

“ಗುಡಿಗಿ ಹೋಗಿ ಬರ್ತೀನಿ ರೀ. ಹರಕಿ ತೀರ್ತು.”

ಈಗ ನನ್ನ ನಡಿಗೆಗೆ ಹರಕೆಯ ರಕ್ಷಣೆಯಿಲ್ಲ. ಬೈಕುಗಳು ಮತ್ತೆ ನಿಲ್ಲುತ್ತಿವೆ. ನಾನು “ಡಾಕ್ಟರ್ ಹೇಳ್ಯಾರ, ಮನಸಿಗಿ ಆರಾಮಿರಲಿಲ್ಲ” ಎಂದು ಇದ್ದದ್ದನ್ನೇ ಹೇಳುತ್ತೇನೆ. ಅಮರೇಶ ಮಾಸ್ತರರು ಅದನ್ನು ಕೇಳಿ ಬಹಳ ಹೊತ್ತು ಬೈಕಿನ ಕನ್ನಡಿ ಒರೆಸಿದರು. ಮಾರನೆಯ ದಿನ ಬೈಕು ಮನೆಯಲ್ಲಿ ಬಿಟ್ಟು ನನ್ನ ಜೊತೆ ಕಾಲುವೆಯವರೆಗೆ ನಡೆದು ಬಂದರು. ದಾರಿಯುದ್ದಕ್ಕೂ ಮಿರ್ಚಿಯ ಬಗ್ಗೆಯೇ ಮಾತಾಡಿದರು. ಭಾರವಾದ ದಿನಗಳು ಈಗಲೂ ಬರುತ್ತವೆ. ಬಂದಾಗ ಪಲ್ಯದ ರುಚಿ ನೋಡಿ, ನನ್ನ ಸ್ಥಿತಿಯನ್ನು ಪರಿಶೀಲಿಸಿಕೊಳ್ಳುತ್ತೇನೆ.

ಕೊನೆಯದಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಪ್ಪು ಹುಡುಕುವುದು ಆರೋಗ್ಯದ ಲಕ್ಷಣವೆಂಬುದು ನಮ್ಮ ಮನೆಯಲ್ಲಿ ಸಾಬೀತಾಗಿರುವುದರಿಂದ, ಈ ಬರಹದಲ್ಲಿ ಕಂಡುಬರುವ ಎಲ್ಲ ತಪ್ಪುಗಳನ್ನು ಓದುಗರು ದಾಕ್ಷಿಣ್ಯವಿಲ್ಲದೆ ತಿದ್ದಬೇಕು. ನೀಲಮ್ಮ ಈಗಾಗಲೇ ಓದಿ, “ಉಪ್ಪು ಕಮ್ಮಿ ಅದ” ಎಂದಿದ್ದಾಳೆ. ಒಂದೂ ತಪ್ಪು ಕಾಣದೆ, ಏನೂ ಅನ್ನಿಸದೆ, ಸುಮ್ಮನೆ ಓದಿ ಮುಗಿಸಿದವರು ಯಾರಾದರೂ ಇದ್ದಲ್ಲಿ, ಅಂಥವರು ನಾಳೆ ಮುಂಜಾನೆ ಜಾಲಹಳ್ಳಿ ರಸ್ತೆಗೆ ಬರಬೇಕಾಗಿ ವಿನಂತಿ. ಬೂಟು ಹಾಕಿಕೊಂಡು ಬರಬಹುದು. ಹನುಮವ್ವನಿಗೆ ನಾನು ಹೇಳುತ್ತೇನೆ.